ಬಾಯಾರಿದ ತೋಟಗಳ ಲೆಕ್ಕ

ಸೊಲ್ಲಾಪುರ, ಸಾಂಗೋಲೆ, ವಿಜಯಪುರ, ಬಾಗಲಕೋಟೆಗಳ ಒಣಭೂಮಿಯಲ್ಲಿ ಬೆಳೆದ ದಾಳಿಂಬೆ ಯಾವ ತಿಂಗಳಲ್ಲಿ ವಾಶಿಯ ಮಾರುಕಟ್ಟೆಗೆ ಬಂದೀತು ಎಂಬುದು ಬೆಳೆಗಾರನು ಗಿಡಕ್ಕೆ ನೀರು ನಿಲ್ಲಿಸುವ ದಿನವನ್ನು ಅವಲಂಬಿಸಿದೆ. ನಗರವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಇದು ಸೋಜಿಗವೆನಿಸಬಹುದು. ತಿಂಗಳು, ಒಂದೂವರೆ ತಿಂಗಳು ನೀರಿಲ್ಲದೆ ಎಲೆ ಉದುರಿಸಿಕೊಂಡ ಗಿಡಕ್ಕೆ ಹಗುರವಾಗಿ ಸವರುವಿಕೆ ಮಾಡಿ, ಗೊಬ್ಬರ ಹಾಕಿ, ಮತ್ತೆ ನೀರುಣಿಸಿದಾಗ ಅದು ಒಮ್ಮೆಗೇ ಹೂಬಿಡುತ್ತದೆ. ಇದೇ ‘ಬಹಾರ’ ಪದ್ಧತಿ. ಜನವರಿ-ಫೆಬ್ರವರಿಯ ಹೂವು ಅಂಬೆ ಬಹಾರ, ಮುಂಗಾರಿನದು ಮೃಗ ಬಹಾರ, ಸೆಪ್ಟೆಂಬರ್-ಅಕ್ಟೋಬರಿನದು ಹಸ್ತ ಬಹಾರ. ಹಸ್ತ ಬಹಾರಕ್ಕೆ ಬೆಲೆ ಹೆಚ್ಚು, ಭರವಸೆ ಕಡಿಮೆ. ಗಿಡವನ್ನು ಒಣಗಿಸಬೇಕಾದ ಹೊತ್ತಿನಲ್ಲಿಯೇ ಮಳೆ ಸುರಿಯುತ್ತಿರುತ್ತದೆ.

ವಿಜ್ಞಾನಿಗಳು ‘ಕೊರತೆ ನೀರಾವರಿ’ ಎಂದು ಕರೆಯುವುದು ಇದಕ್ಕೆ ಹತ್ತಿರದ ವಿಚಾರವೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಟಟೂರಾದಲ್ಲಿ 1970-80ರ ದಶಕಗಳಲ್ಲಿ ಪೀಚ್ ಮತ್ತು ಪೇರ್ ಮರಗಳ ಮೇಲೆ ನಡೆದ ಪ್ರಯೋಗಗಳು ಇದಕ್ಕೆ ಶಾಸ್ತ್ರೀಯ ತಳಹದಿ ಒದಗಿಸಿದವು. ಕಾಯಿ ನಿಧಾನವಾಗಿ, ಚಿಗುರು ವೇಗವಾಗಿ ಬೆಳೆಯುವ ಅವಧಿಯಲ್ಲಿ ಮಾತ್ರ ನೀರು ಕಡಿತಗೊಳಿಸಿದರೆ ಅನಗತ್ಯ ಚಿಗುರು ತಗ್ಗುತ್ತದೆ, ಇಳುವರಿ ಅಷ್ಟಾಗಿ ಕುಗ್ಗುವುದಿಲ್ಲ. ಹಣ್ಣಿನ ಸಿಹಿ ಕೆಲವೊಮ್ಮೆ ಹೆಚ್ಚುವುದೂ ಉಂಟು. ಆದರೆ ಈ ವಿಧಾನಕ್ಕೆ ಒಂದು ಪೂರ್ವಶರತ್ತಿದೆ: ಮರ ಕೇಳಿದ ದಿನ ನೀರು ಕೈಯಲ್ಲಿರಬೇಕು.

ನಮ್ಮ ಬಯಲುಸೀಮೆಯಲ್ಲಿ ಇಲ್ಲದಿರುವುದು ಅದೇ. ಕೊಳವೆಬಾವಿ ಬತ್ತಿ ಉಂಟಾಗುವ ಕೊರತೆ ಹೂವು, ಕಾಯಿ ನೋಡಿ ಬರುವುದಿಲ್ಲ. ಕಾಯಿ ಹಿಗ್ಗುವಾಗ ನೀರು ತಪ್ಪಿದರೆ ದಾಳಿಂಬೆಯ ಸಿಪ್ಪೆ ಬಿರುಸಾಗುತ್ತದೆ. ಆಮೇಲೆ ಟ್ಯಾಂಕರ್ ನೀರೋ ಅಕಾಲಿಕ ಮಳೆಯೋ ಒಮ್ಮೆಲೆ ಸಿಕ್ಕಾಗ ಒಳಗಿನ ಕಾಳು ಉಬ್ಬಿ ಹಣ್ಣು ಬಿರಿಯುತ್ತದೆ. ಬಿರಿದ ಹಣ್ಣನ್ನು ದಲಾಲಿಗಳು ಮುಟ್ಟುವುದಿಲ್ಲ. ಮೋಸಂಬಿ, ಲಿಂಬೆಗಳಲ್ಲಿ ಕಾಯಿ ಉದುರುತ್ತದೆ, ಉಳಿದದ್ದು ಗಾತ್ರದಲ್ಲಿ ಕಿರಿದಾಗುತ್ತದೆ. ಸವಳು ನೀರನ್ನು ಅಲ್ಪಸ್ವಲ್ಪ ಕೊಡುತ್ತಾ ಹೋದರೆ ಉಪ್ಪು ಬೇರಿನ ಬಳಿಯೇ ಉಳಿಯುವುದು ಇನ್ನೊಂದು ಉಪದ್ರವ.

ಜೋಳ, ತೊಗರಿ ಒಣಗಿದರೆ ನಷ್ಟ ಒಂದು ಹಂಗಾಮಿನದು. ಮರ ಒಣಗಿದರೆ ಹಾಗಲ್ಲ. 2012-13ರ ಬರದಲ್ಲಿ ಮರಾಠವಾಡದ ಜಾಲನಾ ಜಿಲ್ಲೆಯ ಮೋಸಂಬಿ ತೋಟಗಳು ದೊಡ್ಡ ಪ್ರಮಾಣದಲ್ಲಿ ಒಣಗಿ, ವರ್ಷಗಟ್ಟಲೆ ಸಾಕಿದ ಮರಗಳನ್ನು ರೈತರು ಕೈಯಾರೆ ಕಡಿಯಬೇಕಾಯಿತು. ಹೊಸ ಸಸಿ ನೆಟ್ಟು ಆದಾಯ ಕಾಣಲು ಮತ್ತೆ ನಾಲ್ಕೈದು ವರ್ಷ. 2023ರಲ್ಲಿ ಕರ್ನಾಟಕ ಸರಕಾರವು 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಇದೇ ಭೀತಿ ವಿಜಯಪುರದ ಕಡೆಯ ತೋಟಗಳಿಗೂ ತಟ್ಟಿತು.

2015ರಲ್ಲಿ ಆರಂಭವಾದ ‘ಪ್ರತಿ ಹನಿಗೆ ಅಧಿಕ ಬೆಳೆ’ ಘೋಷಣೆಯಡಿ ಕೇಂದ್ರ ಸರಕಾರ ಹನಿ ನೀರಾವರಿಗೆ ಸಣ್ಣ ರೈತರಿಗೆ ಶೇ. 55, ಇತರರಿಗೆ ಶೇ. 45 ಸಹಾಯಧನ ನಿಗದಿಪಡಿಸಿತು. ಉಪಕ್ರಮ ಸ್ತುತ್ಯರ್ಹವೇ. ಆದರೆ ಹನಿ ಪದ್ಧತಿಯಲ್ಲಿ ಉಳಿದ ನೀರು ಅಂತರ್ಜಲಕ್ಕೆ ಮರಳುತ್ತಿದೆಯೆಂದು ಭಾವಿಸುವುದು ಮುಗ್ಧತೆ. ಒಂದು ಎಕರೆಯ ನೀರಿನಲ್ಲಿ ಎರಡು ಎಕರೆ ತೋಟ ಎಬ್ಬಿಸುವ ಆಸೆ ಯಾರಿಗಿಲ್ಲ? ಬರ ಬಂದಾಗ ಬಾಯಾರುವ ಮರಗಳ ಸಂಖ್ಯೆಯೂ ಇಮ್ಮಡಿಯಾಗುತ್ತದೆ.

ಇನ್ನು ಪರಿಹಾರ. 2022-26ರ ಅವಧಿಯ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ ರೂ. 22,500, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಅಂದರೆ ಎಕರೆಗೆ ಸುಮಾರು 9,000 ರೂಪಾಯಿ. ಹವಾಮಾನ ಆಧಾರಿತ ವಿಮೆಯೂ ಆ ಹಂಗಾಮಿನ ಮಳೆ, ಉಷ್ಣಾಂಶಗಳ ಅಂಕಿಗಳನ್ನೇ ನೋಡಿ ಹಣ ಕೊಡುತ್ತದೆ. ಸತ್ತ ಮರವು ಹತ್ತು ವರ್ಷದ್ದೋ ಎರಡು ವರ್ಷದ್ದೋ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಏಳುವುದೇ ಇಲ್ಲ.