ಹೊನ್ನಿನ ಕೊಡ ಅಗೆದವರು ಯಾರು?

ಶ್ರಾವಣದ ಪ್ರವಚನಗಳಲ್ಲಿ ನಾವು ತಪ್ಪದೆ ಹೇಳುವ ಕಥೆಯೊಂದಿದೆ. ಮುದಿ ಒಕ್ಕಲಿಗನೊಬ್ಬ ಸಾಯುವ ಹೊತ್ತಿಗೆ ಮೈಗಳ್ಳ ಮಕ್ಕಳನ್ನು ಕರೆದು, ಹೊಲದಲ್ಲಿ ಹೊನ್ನಿನ ಕೊಡ ಹೂತಿಟ್ಟಿದ್ದೇನೆ ಎನ್ನುತ್ತಾನೆ. ಮಕ್ಕಳು ಹೊಲವನ್ನೆಲ್ಲ ಅಗೆಯುತ್ತಾರೆ. ಕೊಡ ಸಿಗುವುದಿಲ್ಲ, ಆದರೆ ಮಣ್ಣು ಹದವಾಗಿ, ಬಿತ್ತಿದ್ದು ಇಮ್ಮಡಿ ಬೆಳೆಯುತ್ತದೆ. ದುಡಿಮೆಯೇ ಹೊನ್ನು ಎಂದು ನಾವು ಕಥೆ ಮುಗಿಸುತ್ತೇವೆ, ಸಭೆ ತಲೆದೂಗುತ್ತದೆ.

ಕಥೆ ಒಳ್ಳೆಯದೇ. ಆದರೆ ಅದರಲ್ಲಿ ಅಗೆದವರೂ ಉಂಡವರೂ ಒಬ್ಬರೇ ಎಂಬುದನ್ನು ನಾವು ಗಮನಿಸುವುದಿಲ್ಲ. ನಮ್ಮ ಕೊಹಿನೂರಿನ ಸುತ್ತಮುತ್ತ ಹಾಗಿದೆಯೇ? ಒಂದೆರಡು ಎಕರೆಯವರು ತಾವೇ ಮೈಮುರಿದು ದುಡಿಯುತ್ತಾರೆ, ನಿಜ. ಉಳಿದ ಹೊಲಗಳಲ್ಲಿ ಸೋಯಾ, ಉದ್ದು, ತೊಗರಿಯ ಸಾಲುಗಳಲ್ಲಿ ಬಗ್ಗಿ ಕಳೆ ಕೀಳುವವರು ಕೂಲಿಯ ಹೆಣ್ಣುಮಕ್ಕಳು. ಅವರಲ್ಲಿ ಹೆಚ್ಚಿನವರಿಗೆ ಸ್ವಂತದ ಹೊಲವಿಲ್ಲ. ಇಡೀ ದಿನ ದುಡಿದರೂ ಸಂಜೆ ಗಂಡಾಳಿಗಿಂತ ಕಡಿಮೆ ಕೂಲಿ. ಅದೂ ಎಷ್ಟೋ ಸಲ 'ರಾಶಿ ಆಗಲಿ, ಕೊಡ್ತೀನಿ' ಎಂಬ ಮಾತಿನಲ್ಲೇ ಉಳಿಯುತ್ತದೆ. ಇಂಥವರ ಮುಂದೆ ಕುಳಿತು ದುಡಿಮೆಯ ಹಿರಿಮೆ ಬೋಧಿಸುವುದು ಬಾಯಾರಿದವರಿಗೆ ನೀರಿನ ಗುಣ ವಿವರಿಸಿದಂತೆ.

ಶರಣರು ಕಾಯಕವನ್ನು ಒಂಟಿಯಾಗಿ ಹೇಳಲಿಲ್ಲ, ದಾಸೋಹದೊಡನೆ ಕಟ್ಟಿದರು. ಇದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ತಾಯಿ ಕಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಆ ತಾಯಿ ಕೇಳಿದ್ದು ಎಷ್ಟು ದುಡಿದಿರಿ ಎಂದಲ್ಲ. ತಂದದ್ದರಲ್ಲಿ ನಮ್ಮದಲ್ಲದ್ದು ಎಷ್ಟು ಎಂದು. ನಮ್ಮ ರಾಶಿಯ ಕಣದಲ್ಲಿ ಈ ಪ್ರಶ್ನೆ ಕೇಳುವವರು ಯಾರು?

ರಾಶಿಯಾದ ಮೇಲೆ ಮಠಕ್ಕೆ ಜೋಳದ ಚೀಲ ಕೊಡುತ್ತೇವೆ, ಜಾತ್ರೆಯಲ್ಲಿ ಅನ್ನ ನೀಡುತ್ತೇವೆ. ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿಸುತ್ತೇವೆ. ಆಳಿನ ಕೂಲಿ ಬಾಕಿಯಿಟ್ಟು ಕೊಟ್ಟ ಚೀಲ ದಾಸೋಹವಲ್ಲ. ಅದು ಇನ್ನೊಬ್ಬರ ಕಾಯಕದ ಫಲವನ್ನು ನಮ್ಮ ಹೆಸರಿನಲ್ಲಿ ಅರ್ಪಿಸಿದಂತೆ.

ರೈತನೇ ಸೋತಿದ್ದಾನೆ, ಅವನೆಲ್ಲಿಂದ ತರಬೇಕು ಎಂದು ಹಿರಿಯರು ಕೇಳುತ್ತಾರೆ. ಮಾತಿನಲ್ಲಿ ಸತ್ಯವಿದೆ. ಬೀಜ, ಗೊಬ್ಬರದ ದರ ಏರಿದೆ. ಮಳೆ ಒಮ್ಮೆ ಕೈಕೊಡುತ್ತದೆ, ಒಮ್ಮೆ ಕಟಾವಿನ ಹೊತ್ತಿಗೇ ಸುರಿಯುತ್ತದೆ. ಪೇಟೆಯಲ್ಲಿ ದರ ರೈತನ ಕೈಯಲ್ಲಿಲ್ಲ. ಅದಕ್ಕಾಗಿ ಸರ್ಕಾರವನ್ನು ಕೇಳೋಣ, ಒಟ್ಟಾಗಿಯೇ ಕೇಳೋಣ. ಆದರೆ ಸೋಲಿನ ಭಾರವನ್ನೆಲ್ಲ ಎಲ್ಲರಿಗಿಂತ ಕೆಳಗಿರುವವಳ ತಲೆಗೇ ಹೊರಿಸುವುದು ಯಾವ ನ್ಯಾಯ? ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂತು. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ದರವಿದೆ. ಹೆಣ್ಣು ಗಂಡೆಂಬ ಭೇದ ಅಳಿಸಿದವರ ಮಕ್ಕಳೆಂದು ಹೇಳಿಕೊಳ್ಳುವ ನಾವು ಕಾನೂನಿಗಿಂತ ಹಿಂದೆ ನಿಲ್ಲಬಾರದು.

2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಎರಡೂ ಸಂತೋಷದ ಸಂಗತಿ. ಆದರೆ ಮಂಟಪ ಊರೂರಿನ ಹೊಲದ ಬದುವಿನವರೆಗೂ ಬರಬೇಕು.

ಅದಕ್ಕೆ ದೊಡ್ಡ ಸಮಾವೇಶ ಬೇಕಿಲ್ಲ. ಕಾಣಿಕೆಯ ಕಾಳು ಅಳೆದುಕೊಳ್ಳುವ ಮುನ್ನ ಮಠಗಳಲ್ಲಿ 'ಆಳುಗಳ ಕೂಲಿ ಮುಟ್ಟಿತೇ?' ಎಂದು ಕೇಳಲಿ. ಪ್ರವಚನಕಾರರಾದ ನಾವು ಹೊನ್ನಿನ ಕೊಡದ ಕಥೆಯನ್ನು ಮುಂದಿನ ಸಾಲಿನಲ್ಲಿ ಕುಳಿತ ಹೊಲದೊಡೆಯರ ಕಡೆ ತಿರುಗಿ ಹೇಳೋಣ. ಕೊಡ ಅಗೆದವರ ಪಾಲು ಅವರ ಕೈಗೆ ಅಂದಂದೇ ಸೇರಲಿ. ಉಳಿದದ್ದನ್ನು ಹಂಚಿ ಉಂಡರೆ ಅದೇ ದಾಸೋಹ.