ಸಾಕ್ಷಿ ಹೇಳುವವನು ವಕೀಲನಲ್ಲ

ಗೆಳೆಯರ ಮುಂದೆ ತನ್ನ ನಂಬಿಕೆಯನ್ನು ತೆರೆದಿಡುವುದಕ್ಕೆ ನಮ್ಮ ಸಭೆಗಳಲ್ಲಿ ‘ಸಾಕ್ಷಿ ಹೇಳುವುದು’ ಎನ್ನುತ್ತಾರೆ. ಕಟಕಟೆಯಲ್ಲಿ ನಿಂತವನಿಗೂ ಇದೇ ಮಾತು. ‘ನನಗೆ ಸತ್ಯವೇದ ಅಷ್ಟೇನೂ ಗೊತ್ತಿಲ್ಲ, ಅವರು ಪ್ರಶ್ನೆ ಹಾಕಿದರೆ ಏನು ಹೇಳಲಿ?’ ಎಂದು ಅಳುಕುವ ಹುಡುಗ ಹುಡುಗಿಯರಿಗೆ ಅರ್ಧ ಉತ್ತರ ಈ ಪದದಲ್ಲೇ ಇದೆ. ಸಾಕ್ಷಿಯಾದವನು ಕಂಡದ್ದನ್ನಷ್ಟೇ ಹೇಳಬೇಕು. ವಾದಕ್ಕೆ ಇಳಿದರೆ ನ್ಯಾಯಾಧೀಶರಿಗೇ ಅನುಮಾನ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನನ್ನು ನೋಡಿ. ಕಣ್ಣು ಕೊಟ್ಟವನು ಪಾಪಿಯೋ ಅಲ್ಲವೋ ಎಂದು ಫರಿಸಾಯರು ಕೆದಕಿದಾಗ ಅದು ತನಗೆ ತಿಳಿಯದು ಎಂದುಬಿಟ್ಟ. ಮೊದಲು ಕಾಣುತ್ತಿರಲಿಲ್ಲ, ಈಗ ಕಾಣುತ್ತಿದೆ. ಅವನಿಗೆ ಖಾತ್ರಿಯಿದ್ದದ್ದು ಅಷ್ಟೇ.

ಆದರೆ ಓರಗೆಯವರ ಮುಂದೆ ನಾಲಿಗೆ ಕಟ್ಟುವುದು ತಿಳಿವಳಿಕೆಯ ಕೊರತೆಯಿಂದಲ್ಲ ಎಂದೇ ನನ್ನ ಗುಮಾನಿ. ಅಪರಿಚಿತನಿಗೆ ನಾವು ಹೇಳಿದಷ್ಟೇ ಗೊತ್ತು. ಹಾಸ್ಟೆಲಿನಲ್ಲಿ ಜೊತೆಗಿದ್ದವನಿಗೆ ನಮ್ಮ ಸಿಟ್ಟು, ಸುಳ್ಳು, ತೀರಿಸದ ಕೈಸಾಲ ಎಲ್ಲವೂ ಗೊತ್ತು. ಪ್ರೀತಿ, ಕ್ಷಮೆ ಎಂದು ಶುರುಮಾಡಿದರೆ ಅವನ ತುಟಿಯಂಚಿನಲ್ಲಿ ನಗು. ಆ ನಗುವಿಗೆ ಹೆದರಿ ನಾನು ಎಷ್ಟೋ ವರ್ಷ ‘ನನ್ನ ಬದುಕೇ ಸಾಕ್ಷಿ’ ಎಂದುಕೊಂಡು ಸುಮ್ಮನಿದ್ದೆ. ವಿನಯದಂತೆ ಕೇಳುವ ಮಾತಿನಲ್ಲಿ ಎಂಥ ಜಂಬ! ಬದುಕು ಅಷ್ಟು ಚೊಕ್ಕವಾಗಿದ್ದಿದ್ದರೆ ಕ್ಷಮೆಯ ಸುವಾರ್ತೆಯಿಂದ ನನಗೇನಾಗಬೇಕಿತ್ತು? ಯೋಗ್ಯನಾದ ಮೇಲೆ ಮಾತಾಡುತ್ತೇನೆಂದು ಕಾಯುವವನು ಕೊನೆಗೆ ಸಾರುವುದು ತನ್ನನ್ನೇ. ಮಹಾಯಾಜಕನ ಅಂಗಳದಲ್ಲಿ ಒಬ್ಬ ದಾಸಿಯ ಮಾತಿಗೆ ಬೆದರಿ ಗುರುವನ್ನೇ ಅರಿಯೆನೆಂದ ಪೇತ್ರ, ಕೆಲವೇ ವಾರಗಳಲ್ಲಿ ಅದೇ ಯೆರೂಸಲೇಮಿನಲ್ಲಿ ಎದ್ದುನಿಂತು ಮಾತಾಡಿದ. ಅವನ ಸೋಲನ್ನು ನಾಲ್ಕೂ ಸುವಾರ್ತೆಗಳು ಮುಚ್ಚಿಡದೆ ಬರೆದಿಟ್ಟಿವೆ. ಕೈಸಾಲದ ವಿಷಯ ಬೇರೆ. ಅದನ್ನು ಮೊದಲು ತೀರಿಸಬೇಕು.

ಅಳುಕೇ ಇಲ್ಲದವರ ಬಗ್ಗೆ ನನಗೆ ಹೆಚ್ಚು ಚಿಂತೆ. ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಬಗ್ಗೆ ತಕರಾರಿರುವವರಿದ್ದಾರೆ. ಗೆಳೆತನದ ಮಟ್ಟಿಗಂತೂ ಆ ಗೆರೆ ಸರಿಯೆಂದೇ ನನಗೆ ಅನಿಸುತ್ತದೆ: ಹೇಳುವುದು ನನ್ನ ಪಾಲು, ಒಪ್ಪುವುದು ಬಿಡುವುದು ಅವನ ಪಾಲು. ಹೇಳುವವನು ಕೇಳಿಸಿಕೊಳ್ಳಲೂ ಬೇಕು. ಸುವಾರ್ತೆ ಹೇಳಲು 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಕಿಟೆಲ್ ಕನ್ನಡಿಗರ ಮಾತನ್ನು ಪದಪದವಾಗಿ ಆಲಿಸಬೇಕಾಯಿತು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ನಮಗೆ ಅಷ್ಟು ವರ್ಷ ಬೇಡ. ಕ್ಯಾಂಟೀನಿನಲ್ಲಿ ನನ್ನ ಮಾತು ಮುಗಿದ ಮೇಲೆ ಗೆಳೆಯ ತನ್ನ ಅಜ್ಜಿಯ ಧರ್ಮಸ್ಥಳದ ಹರಕೆಯ ಕಥೆ ತೆಗೆದರೆ, ಗಡಿಯಾರ ನೋಡದೆ ಇನ್ನೊಂದು ಬೈ-ಟೂ ಕಾಫಿ ಹೇಳಿದರಾಯಿತು.