ರಾಗಿಯ ಜೀನೋಮಿಗೆ ಗಣಕಪಂಡಿತರು ಬೇಕು

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯ ಬೆದ್ದಲು ಹೊಲಗಳಲ್ಲಿ ಮುಂಗಾರನ್ನೇ ನಂಬಿ ರಾಗಿಯನ್ನೂ ಸಾವೆಯನ್ನೂ ಬಿತ್ತುವ ರೈತನಿಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕದ ಮುಂದೆ ಕುಳಿತು ಡಿಎನ್‌ಎಯ ಅಕ್ಷರಸಾಲುಗಳನ್ನು ಹೊಂದಿಸುವ ವಿದ್ವಾಂಸನಿಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವೇನೋ ಇದೆ, ಅದು ಇನ್ನೂ ಬಲಿತಿಲ್ಲವೆಂಬುದೇ ನನ್ನ ತಕರಾರು.

ಆ ಸಂಸ್ಥೆಯ ಅಧ್ಯಾಪಕರಾದ ಚಿರಾಗ್ ಜೈನ್ ಅವರ ವಿದ್ಯಾಮಾರ್ಗವನ್ನು ನೋಡಿದರೆ ಈ ವೃತ್ತಿಯ ಸ್ವರೂಪ ತಿಳಿಯುತ್ತದೆ. ದೆಹಲಿಯ ಐಐಟಿಯಲ್ಲಿ ಗಣಕವಿಜ್ಞಾನವನ್ನು ಕಲಿತು, ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಕಾಲ ಸಂಶೋಧನೆ ನಡೆಸಿ ಬೆಂಗಳೂರಿಗೆ ಬಂದವರು ಅವರು. 2018ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳ ಸುಮಾರು 90,000 ಜೀನೋಮುಗಳನ್ನು ಪರಸ್ಪರ ಹೋಲಿಸಿ ನೋಡಿದರು. ಹಳೆಯ ವಿಧಾನಗಳಿಗೆ ಎಟುಕದ ಆ ಗಾತ್ರದ ಕಾರ್ಯಕ್ಕೆ ಬೇಕಾದದ್ದು ಹೆಚ್ಚು ಯಂತ್ರಗಳಲ್ಲ, ಹೊಸದೊಂದು ಲೆಕ್ಕದ ಉಪಾಯ.

ಆದರೆ ಹೋಲಿಸುವ ಮೊದಲು ಜೀನೋಮನ್ನು ಓದಿಕೊಳ್ಳಬೇಕು. ಯಾವ ಯಂತ್ರವೂ ಒಂದು ಜೀವಿಯ ಡಿಎನ್‌ಎಯನ್ನು ತುದಿಯಿಂದ ತುದಿಯವರೆಗೆ ಒಂದೇ ಓಟದಲ್ಲಿ ಓದಲಾರದು. ಅದು ನೀಡುವುದು ತುಣುಕುಗಳನ್ನು: ಅಗ್ಗದ ವಿಧಾನದಲ್ಲಿ ನೂರೈವತ್ತು ಅಕ್ಷರಗಳಷ್ಟರದ್ದು, ದುಬಾರಿ ವಿಧಾನದಲ್ಲಿ ಹತ್ತಿಪ್ಪತ್ತು ಸಾವಿರ ಅಕ್ಷರಗಳದ್ದು. ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವುದನ್ನು ಕಂಡುಹಿಡಿದು ಕೋಟಿಗಟ್ಟಲೆ ತುಣುಕುಗಳನ್ನು ಸಾಲುಗೂಡಿಸುವುದೇ ಜೋಡಣೆ. ತೊಡಕಿರುವುದು ಪುನರಾವೃತ್ತಿಯಲ್ಲಿ. ಫ. ಗು. ಹಳಕಟ್ಟಿಯವರು ಊರೂರಿನಿಂದ ತಾಳೆಗರಿಗಳನ್ನು ಕೂಡಿಹಾಕಿ ವಚನಗಳನ್ನು ಸಂಪಾದಿಸಿದ ಕಾಲವನ್ನು ಸ್ಮರಿಸಿಕೊಳ್ಳಿ. ಮುರಿದ ಗರಿಯೊಂದರಲ್ಲಿ ಅಂಕಿತವೊಂದೇ ಉಳಿದಿದ್ದರೆ ಅದು ಯಾವ ಶರಣನದೆಂದು ಹೇಳಬಹುದೇ ಹೊರತು ಯಾವ ವಚನದ ಕೊನೆಯೆಂದು ಹೇಳಲಾಗದು. ಏಕೆಂದರೆ ಆತನ ವಚನಗಳೆಲ್ಲವೂ ಅದೇ ಅಂಕಿತದಲ್ಲಿ ಮುಗಿಯತಕ್ಕವು. ಜೀನೋಮಿನಲ್ಲಿಯೂ ಸಾವಿರಾರು ಕಡೆ ಮರುಕಳಿಸುವ ಇಂಥ ಭಾಗಗಳು ಜೋಡಿಸುವವನನ್ನು ದಾರಿ ತಪ್ಪಿಸುತ್ತವೆ.

ಬಹುಕಾಲ ವಿದ್ವಾಂಸರು ಈ ತೊಡಕಿಗೆ ಮಾಡಿಕೊಂಡಿದ್ದ ಪರಿಹಾರವೆಂದರೆ, ಅತಿಯಾಗಿ ಮರುಕಳಿಸುವ ಅಕ್ಷರಗುಚ್ಛಗಳನ್ನು ಲೆಕ್ಕದಿಂದಲೇ ತೆಗೆದುಹಾಕುವುದು. ಅವನ್ನು ತೆಗೆಯಬೇಕಾಗಿಲ್ಲ, ಅವುಗಳ ತೂಕವನ್ನು ಮಾತ್ರ ಇಳಿಸಿದರೆ ಸಾಕೆಂದು 2020ರಲ್ಲಿ ಜೈನ್ ಮತ್ತು ಸಂಗಡಿಗರು ‘ವಿನ್ನೋಮ್ಯಾಪ್’ ಎಂಬ ತಂತ್ರಾಂಶದ ಮೂಲಕ ತೋರಿಸಿದರು. ಸಣ್ಣ ತಿದ್ದುಪಡಿಯೆಂದು ತೋರುವ ಈ ಉಪಾಯ ಮಾನವನ ಜೀನೋಮನ್ನು ಪರಿಪೂರ್ಣಗೊಳಿಸುವ ಅಂತರರಾಷ್ಟ್ರೀಯ ಪ್ರಯತ್ನದಲ್ಲಿ ಉಪಯೋಗಕ್ಕೆ ಬಂತು. ಎರಡು ದಶಕಗಳಿಂದ ಖಾಲಿ ಬಿದ್ದಿದ್ದ ಸುಮಾರು ಶೇ 8ರಷ್ಟು ಭಾಗ 2022ರಲ್ಲಿ ತುಂಬಿ, ವೈ ವರ್ಣತಂತುವೊಂದನ್ನುಳಿದು 305.5 ಕೋಟಿ ಅಕ್ಷರಗಳು ಅವಿಚ್ಛಿನ್ನವಾಗಿ ಓದಿಗೆ ದೊರೆತವು.

ಇನ್ನು ರಾಗಿಯ ವಿಷಯ. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿ ಅವರೂ ಸಂಗಡಿಗರೂ, ಬರವನ್ನು ಸಹಿಸುವ ಎಂಎಲ್-365 ತಳಿಯ ಜೀನೋಮನ್ನು ಪ್ರಕಟಿಸಿದರು. 119.6 ಕೋಟಿ ಅಕ್ಷರ; ಅಂದಾಜು ಗಾತ್ರದಲ್ಲಿ ಶೇ 82ರಷ್ಟು; ಅದರಲ್ಲಿ ಅರ್ಧ ಬರಿಯ ಪುನರಾವೃತ್ತಿ. ಅದು ಹೆಮ್ಮೆಯ ಕಾರ್ಯವೇ ಸರಿ. ಆದರೆ ರಾಗಿ ಎರಡು ಪೂರ್ವಜ ಸಸ್ಯಗಳ ಜೀನೋಮುಗಳನ್ನು ಒಡಲಲ್ಲಿಟ್ಟುಕೊಂಡ, 36 ವರ್ಣತಂತುಗಳ ಬೆಳೆ. ಒಂದೇ ಮಾತು ಎರಡು ಕಡೆ ತುಸು ಬೇರೆಯಾಗಿ ಬರೆದಿರುವುದರಿಂದ ಆ ಜೋಡಣೆ ಐದು ಲಕ್ಷಕ್ಕೂ ಹೆಚ್ಚು ಚೂರುಗಳಲ್ಲಿ ನಿಂತಿತು. ಅದರಲ್ಲಿ ಎಣಿಕೆಗೆ ಸಿಕ್ಕ ಜೀನ್‌ಗಳು 85,243. ಮರುವರ್ಷ ಸ್ವಿಟ್ಜರ್‌ಲೆಂಡಿನ ಜೂರಿಚ್ ವಿಶ್ವವಿದ್ಯಾನಿಲಯದವರು ನಮ್ಮವರೊಡನೆ ಸೇರಿ ಪಿಆರ್-202 ತಳಿಯನ್ನು ಜೋಡಿಸಿದಾಗ ಸಿಕ್ಕವು 62,348. ತಳಿ ಬೇರೆ, ವಿಧಾನ ಬೇರೆ, ನಿಜ. ಆದರೂ ಎರಡು ರಾಗಿ ತಳಿಗಳ ನಡುವೆ ಇಷ್ಟು ಅಂತರವಿದೆಯೆಂದು ನಾನು ನಂಬಲಾರೆ. ಜೋಡಣೆ ಚೂರಾದಾಗ ಒಂದೇ ಜೀನ್ ಎರಡಾಗಿ ಮೂರಾಗಿ ಲೆಕ್ಕಕ್ಕೆ ಬೀಳುವುದುಂಟು. ವರ್ಣತಂತುಗಳ ಮಟ್ಟಕ್ಕೆ ಏರಿದ ಜೋಡಣೆ 2023ರಲ್ಲಿ ಪ್ರಕಟವಾಯಿತು, ಅಮೆರಿಕದ ವಿದ್ವಾಂಸರ ನೇತೃತ್ವದಲ್ಲಿ.

ರಾಗಿಯನ್ನು ಉಂಡು ಬೆಳೆದ ನಾಡಿನಲ್ಲಿ, ಅದರಲ್ಲಿಯೂ ಗಣಕವಿದ್ಯೆಯ ರಾಜಧಾನಿಯೆನಿಸಿಕೊಂಡ ನಗರದಲ್ಲಿ, ಹೀಗಾದುದೇಕೆ? ಲೆಕ್ಕ ಮಾಡುವವನನ್ನು ನಾವು ಜೀವವಿಜ್ಞಾನಿಯ ಗುಮಾಸ್ತನೆಂದು ಬಗೆದಿರುವುದೇ ಕಾರಣವೆಂದು ನನ್ನ ಎಣಿಕೆ. ತಳಿವಿಜ್ಞಾನಿ ‘ರಾಗಿ ಲಕ್ಷ್ಮಣಯ್ಯ’ನವರ ಕಾಲದಲ್ಲಿ ಭಾರತದ ತಳಿಯನ್ನೂ ಆಫ್ರಿಕದ ತಳಿಯನ್ನೂ ಕೂಡಿಸಿ ‘ಇಂಡಾಫ್’ ರಾಗಿಗಳನ್ನು ತರಬೇಕಾದರೆ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಕಿರಿದಾದ, ಸ್ವಕೀಯ ಪರಾಗದಿಂದಲೇ ಕಾಳುಕಟ್ಟುವ ಆ ಹೂಗಳೊಡನೆ ಹೆಣಗಬೇಕಾಗಿತ್ತು. ಆ ಕೈಚಳಕವನ್ನು ಯಾರೂ ಗುಮಾಸ್ತಿಕೆ ಎನ್ನಲಿಲ್ಲ. ಇಂದಿನ ಜೋಡಣೆಯ ಗಣಿತವೂ ಅಂಥದೇ ಮೂಲಭೂತವಾದ ಕೌಶಲ. ವಿಜ್ಞಾನ ಸಂಸ್ಥೆಯಿಂದ ಕೃಷಿ ವಿಶ್ವವಿದ್ಯಾನಿಲಯದ ಆವರಣವಾದ ಜಿಕೆವಿಕೆಗೆ ಹೆಬ್ಬಾಳದ ಮೇಲೆ ಹಾದುಹೋಗುವ ದಾರಿ ಏನೂ ದೂರವಲ್ಲ (ವಾಹನದಟ್ಟಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ). ಪುನರಾವೃತ್ತಿಯ ತೊಡಕನ್ನು ಬಿಡಿಸಬಲ್ಲವರು ಆ ದಾರಿಯ ಒಂದು ತುದಿಯಲ್ಲಿರುವಾಗ, ಅರ್ಧ ಪುನರಾವೃತ್ತಿಯೇ ಆಗಿರುವ ರಾಗಿ ಇನ್ನೊಂದು ತುದಿಯಲ್ಲಿದೆ.

ಆದುದರಿಂದ ಸರ್ಕಾರ ಎರಡೂ ಸಂಸ್ಥೆಗಳಿಗೆ ಸೇರಿದ ಅಧ್ಯಾಪಕ ಹುದ್ದೆಗಳನ್ನು, ಯೋಜನೆ ಮುಗಿದೊಡನೆ ಕಳಚಿಬೀಳುವ ಗುತ್ತಿಗೆಯವನ್ನಲ್ಲ, ಕಾಯಂ ಹುದ್ದೆಗಳನ್ನು ಸೃಷ್ಟಿಸತಕ್ಕದ್ದು. ಹಾಗೆ ನೇಮಕಗೊಂಡವರು ಪ್ರತಿ ಮುಂಗಾರಿನಲ್ಲಿ ಕೆಲವು ವಾರಗಳನ್ನಾದರೂ ಹಿರಿಯೂರಿನ ಬಬ್ಬೂರು ಫಾರಂನಂಥ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಕಳೆಯಬೇಕೆಂಬ ಷರತ್ತು ಸೇರಿದರೆ ಇನ್ನೂ ಲೇಸು. ಯಾವ ತಾಕಿನ ರಾಗಿ ಮಳೆ ಕೈಕೊಟ್ಟಾಗ ಸುರುಟಿಕೊಂಡಿತು, ಯಾವುದಕ್ಕೆ ಬೆಂಕಿ ರೋಗ ತಗಲಲಿಲ್ಲ ಎಂಬುದನ್ನು ವರ್ಷವರ್ಷವೂ ಬರೆದಿಟ್ಟ ದಾಖಲೆಯಿಲ್ಲದೆ, 119 ಕೋಟಿ ಅಕ್ಷರಗಳೊಳಗಿಂದ ಬರ ತಾಳುವ ಜೀನ್ ಇದೇ ಎಂದು ಬೆರಳಿಟ್ಟು ತೋರಿಸಲು ಯಾವ ಗಣಕಕ್ಕೂ ಸಾಧ್ಯವಿಲ್ಲ.